ಗಂಜಿಯ ಗತ್ತು

ಇಂಗ್ಲಿಷ್ ಪಾಠ ಹೇಳುವ ನನ್ನಂಥವರಿಗೆ ಮೊದಲನೇ ಎಲಿಜಬೆತ್ ರಾಣಿಯ ಕಾಲದ ಚಿತ್ರಗಳು ಹೊಸವೇನಲ್ಲ. ಮುಖ ಯಾರದೇ ಇರಲಿ, ಕೊರಳ ಸುತ್ತ ಬೆಳ್ಳಗೆ, ದುಂಡಗೆ, ಸುರುಳಿ ಸುರುಳಿಯಾಗಿ ಎದ್ದು ನಿಂತ ಒಂದು ಕಾಲರು. ಮಕ್ಕಳಿಗೆ ತೋರಿಸಿದರೆ “ತಟ್ಟೆಯಲ್ಲಿ ತಲೆ ಇಟ್ಟ ಹಾಗಿದೆ ಟೀಚರ್” ಎನ್ನುತ್ತಾರೆ. ಅದರ ಹೆಸರು ರಫ್ ಎಂದರಂತೂ ನಗುವೋ ನಗು. ಅವರಿಗೆ ಗೊತ್ತಿರುವುದು ರಫ್ ನೋಟ್‌ಬುಕ್ ಒಂದೇ. ಅಷ್ಟು ನಾಜೂಕಿನ ವಸ್ತುವಿಗೆ ಅಂಥ ಹೆಸರೇ ಎಂದು ನನಗೂ ಅನ್ನಿಸಿದ್ದುಂಟು.

ನಕ್ಕು ಸುಮ್ಮನಿರಬಹುದಿತ್ತು. ಆದರೆ ಕಳೆದ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಷೇಕ್ಸ್‌ಪಿಯರನ ‘ವೆನಿಸಿನ ವ್ಯಾಪಾರಿ’ಯ ನ್ಯಾಯಾಲಯದ ದೃಶ್ಯ ಆಡಿಸುವುದೆಂದಾಯಿತು. ನಮ್ಮೂರಿನ ಬಾಡಿಗೆ ಡ್ರೆಸ್ಸಿನ ಅಂಗಡಿಯಲ್ಲಿ ಬಾಲಕೃಷ್ಣನಿಂದ ಹಿಡಿದು ಕಿತ್ತೂರು ಚೆನ್ನಮ್ಮನವರೆಗೆ ಎಲ್ಲರೂ ಸಿಗುತ್ತಾರೆ, ವೆನಿಸಿನ ಡ್ಯೂಕ್ ಮಾತ್ರ ಸಿಗುವುದಿಲ್ಲ. “ಡ್ರಾಯಿಂಗ್ ಹಾಳೆಯನ್ನು ಬೀಸಣಿಗೆ ಥರ ಮಡಿಸಿ ಕುತ್ತಿಗೆಗೆ ಕಟ್ಟಿದರಾಯಿತು ಬಿಡಿ” ಎಂದರು ಸಹೋದ್ಯೋಗಿಗಳು. ಹೊಲಿಗೆ ಬಲ್ಲ ಹೆಂಗಸಿನ ಮುಂದೆ ಹೇಳುವ ಮಾತೇ ಅದು? ಅಂದಿನಿಂದ ಆ ಕಾಲರು ನನ್ನ ತಲೆ ಹೊಕ್ಕಿತು.

ತಂಗಿಯ ಮಗಳು ಬೆಂಗಳೂರಿನಲ್ಲಿ ವಸ್ತ್ರವಿನ್ಯಾಸ ಓದುತ್ತಾಳೆ. ಅವಳು ಜಾನೆಟ್ ಆರ್ನಾಲ್ಡ್ ಎಂಬ ಇಂಗ್ಲಿಷ್ ವಿದುಷಿಯ ವಿಷಯ ಹೇಳಿದಳು. ಈಕೆ ಮ್ಯೂಸಿಯಂಗಳಲ್ಲಿ ಉಳಿದಿರುವ ಹಳೆಯ ಉಡುಪುಗಳನ್ನು ಹೊಲಿಗೆ ಹೊಲಿಗೆಯಾಗಿ ಪರಿಶೀಲಿಸಿ, ಅಳತೆ ತೆಗೆದು, ನಕ್ಷೆ ಬರೆದಿಟ್ಟವರು. 1998ರಲ್ಲಿ ತೀರಿಕೊಂಡರು. ಲಿನನ್ ಅಂಗಿ, ಕಾಲರುಗಳ ಮೇಲಿನ ಅವರ ಪುಸ್ತಕವನ್ನು ಜೊತೆಗಾರ್ತಿಯರು ಪೂರ್ಣಗೊಳಿಸಿ 2008ರಲ್ಲಿ ಹೊರತಂದರು. ಅದನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು.

ನಂಬುತ್ತೀರೋ ಇಲ್ಲವೋ, ಇಷ್ಟು ದೊಡ್ಡ ಕಾಲರಿಗೆ ಬೇಕಾದದ್ದು ಮುಕ್ಕಾಲು ಮೀಟರ್ ಬಟ್ಟೆ! ಅವರದು ತೆಳು ಲಿನನ್, ನನ್ನದು ಬಿಳಿ ಮಲ್. ನಾಲ್ಕು ಇಂಚು ಅಗಲದ ಆರು ಪಟ್ಟಿ ಹರಿದು ಒಂದಕ್ಕೊಂದು ಜೋಡಿಸಿದರೆ ಸುಮಾರು ಆರು ಮೀಟರ್ ಉದ್ದದ ರಿಬ್ಬನ್ ಆಗುತ್ತದೆ. ಒಂದು ಅಂಚಿಗೆ ಸಣ್ಣ ಮಡಿಕೆ ಹೊಲಿಗೆ. ಇನ್ನೊಂದು ಅಂಚಿಗೆ, ಕಾಲು ಇಂಚಿಗೊಂದರಂತೆ, ಮೂರು ಸಾಲು ಓಡುಹೊಲಿಗೆ. ಮೂರು ಸಾಲಿನಲ್ಲೂ ಸೂಜಿ ಒಂದರ ಕೆಳಗೊಂದು ನೇರವಾಗಿ ಚುಚ್ಚಿರಬೇಕು. ಆಮೇಲೆ ಮೂರೂ ದಾರಗಳನ್ನು ಒಟ್ಟಿಗೆ ಎಳೆದರೆ ಆರು ಮೀಟರ್ ಬಟ್ಟೆ ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ಕೂತು ಹದಿನಾಲ್ಕು ಇಂಚಿಗೆ ಇಳಿಯುತ್ತದೆ. ನಾನೂರಕ್ಕೂ ಮಿಕ್ಕಿದ ಆ ಪುಟ್ಟ ನೆರಿಗೆಗಳನ್ನು ಒಂದೊಂದಾಗಿ ಕೊರಳಪಟ್ಟಿಗೆ ಕೈಯಲ್ಲೇ ಹೊಲಿಯಬೇಕು. ಮಿಷನ್ನಿಗೆ ಇಲ್ಲಿ ಕೆಲಸವಿಲ್ಲ. ಸಂಜೆ ಧಾರಾವಾಹಿ ನೋಡುತ್ತಾ ಹೊಲಿದೆ, ಎಂಟು ದಿನ ಹಿಡಿಯಿತು.

ಇಷ್ಟಾದ ಮೇಲೆ ಕೈಯಲ್ಲಿದ್ದದ್ದೇನು? ಮಳೆಯಲ್ಲಿ ನೆನೆದ ಕೋಳಿಯಂಥ ಒಂದು ಜೋಲುಬಟ್ಟೆ. ಚಿತ್ರದಲ್ಲಿ ಕಾಣುವ ಆ ಸುರುಳಿಗಳು ಹೊಲಿಗೆಯಿಂದ ಬರುವುದೇ ಇಲ್ಲ! ಹೊಲಿದದ್ದು ಕೊರಳ ಬಳಿ ಮಾತ್ರ. ಹೊರಗಿನ ಗತ್ತೆಲ್ಲ ಗಂಜಿಯದು, ಬಿಸಿ ಸಲಾಕೆಯದು. ಒಮ್ಮೆ ಒಗೆದರೆ ಮತ್ತೆ ಮೊದಲಿನಿಂದ ಗಂಜಿ ಹಾಕಿ ಒಂದೊಂದೇ ಸುರುಳಿ ಎಬ್ಬಿಸಬೇಕು. ನಾವು ಸೀರೆಯ ನೆರಿಗೆ ಹಿಡಿದ ಹಾಗೆ. ನಿನ್ನೆಯ ನೆರಿಗೆ ಇವತ್ತಿಗೆ ಬರುತ್ತದೆಯೇ? ದರ್ಜಿ ಒಮ್ಮೆ ಹೊಲಿದು ಕೈ ತೊಳೆದುಕೊಳ್ಳುತ್ತಿದ್ದ, ಒಗೆಯುವವಳಿಗೆ ಮಾತ್ರ ಆ ಕೆಲಸ ಮುಗಿದದ್ದೇ ಇಲ್ಲ.

ಗಂಜಿಯ ವಿಷಯಕ್ಕೆ ಬಂದಾಗ ಅಮ್ಮ ಜಗಲಿಯಿಂದ ಎದ್ದು ಬಂದಳು. ಎಂಬತ್ತು ದಾಟಿದವಳು. ನಾನು ಕಲಸಿದ್ದನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, “ಇದು ಸೀರೆಗೆ ಸಾಕು, ನಿನ್ನ ತಟ್ಟೆಗೆ ಸಾಲದು” ಎಂದು ಅಕ್ಕಿಹಿಟ್ಟನ್ನು ತಾನೇ ಮತ್ತೆ ಕಾಯಿಸಿ, ಗಂಟಿಲ್ಲದಂತೆ ಬಟ್ಟೆಯಲ್ಲಿ ಸೋಸಿಕೊಟ್ಟಳು. ಸಲಾಕೆಗೆ ಏನು ಮಾಡುವುದೆಂದು ಯೋಚಿಸುತ್ತಿದ್ದೆ. ಅಟ್ಟದ ಮೇಲೆ ಸೌದೆ ಒಲೆಯ ಕಾಲದ ಕಬ್ಬಿಣದ ಊದುಗೊಳವೆ ಇದೆಯಲ್ಲ ಎಂದವಳೂ ಅವಳೇ. ಸರಿಯಾಗಿ ಒಂದು ಇಂಚು ದಪ್ಪ! ಮಸಿ ಹೋಗುವಂತೆ ತಿಕ್ಕಿ, ಗ್ಯಾಸಿನ ಮೇಲೆ ಕಾಯಿಸಿ, ಮೊದಲು ಹಳೇ ಬಟ್ಟೆಗೆ ಒತ್ತಿ ಕಂದು ಕಲೆ ಬೀಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಅರೆ ಒಣಗಿದ ಗಂಜಿ ಬಟ್ಟೆಯ ಮಡಿಕೆಯೊಳಗೆ ತೂರಿಸಿ ಹಿಡಿಯುವುದು. ಚುರ್ ಎಂದು ಆವಿ ಏಳುತ್ತದೆ, ಸುರುಳಿ ನಿಲ್ಲುತ್ತದೆ. ಒಂದು ಮೇಲೆ, ಒಂದು ಕೆಳಗೆ, ಇಂಗ್ಲಿಷಿನ ಎಂಟರ ಅಂಕೆಯ ಹಾಗೆ. ಮೇಲೆ ನಲವತ್ತು, ಕೆಳಗೆ ನಲವತ್ತು. ಎರಡು ಸಂಜೆ ಹಿಡಿಯಿತು.

ಇಂಗ್ಲೆಂಡಿಗೆ ಈ ವಿದ್ಯೆ ಕಲಿಸಿದವಳೂ ಒಬ್ಬ ಹೆಂಗಸೇ. ಡಿಂಗೆನ್ ವಾನ್ ಡೆರ್ ಪ್ಲಾಸೆ ಎಂದು ಹೆಸರು. ಫ್ಲಾಂಡರ್ಸಿನವಳು, ತನ್ನ ಸೀಮೆಯಲ್ಲಿ ಬಾಳುವುದು ಕಷ್ಟವಾಗಿ 1564ರಲ್ಲಿ ಗಂಡನೊಂದಿಗೆ ಲಂಡನ್ನಿಗೆ ಬಂದು ಗಂಜಿ ಹಾಕುವ ಕಸುಬು ಹಿಡಿದಳು. ದೊಡ್ಡ ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ಅವಳ ಬಳಿಗೆ ಕಲಿಯಲು ಕಳಿಸುತ್ತಿದ್ದರಂತೆ. ಕಲಿಸಲು ನಾಲ್ಕೈದು ಪೌಂಡ್ ಫೀಸು, ಗಂಜಿ ಕಾಯಿಸುವ ಹದಕ್ಕೆ ಬೇರೆ ಇಪ್ಪತ್ತು ಷಿಲಿಂಗ್. ಆ ಕಾಲಕ್ಕೆ ಅದು ದೊಡ್ಡ ಹಣ. ಪರದೇಶಕ್ಕೆ ಹೋಗಿ, ಕೈಯಲ್ಲಿದ್ದ ವಿದ್ಯೆಗೆ ಇಷ್ಟು ಎಂದು ಗಟ್ಟಿಯಾಗಿ ಬೆಲೆ ಹೇಳಿದ ಈ ಮೇಡಮ್ಮನವರನ್ನು ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ. ರಾಣಿಯ ಕಾಲರುಗಳಿಗೆ ಮೊದಲು ಗಂಜಿ ಹಾಕಿದವಳು ಅರಮನೆಯ ಸಾರಥಿಯ ಹೆಂಡತಿಯಂತೆ. ಆ ಕಾಲದ ಬರವಣಿಗೆಯಲ್ಲಿ ಅವಳು ಗಂಡನ ಹೆಸರಿನಲ್ಲೇ ಕಾಣಿಸಿಕೊಳ್ಳುತ್ತಾಳೆ. ಇಂಥವರ ಹೆಂಡತಿ, ಅಷ್ಟೆ.

ಇದನ್ನು ಬೈದವರೂ ಇದ್ದರು. ಫಿಲಿಪ್ ಸ್ಟಬ್ಸ್ ಎಂಬಾತ 1583ರಲ್ಲಿ ಪುಸ್ತಕವನ್ನೇ ಬರೆದು, ಗಂಜಿ ಸೈತಾನನ ಕಿತಾಪತಿ ಎಂದ. ಮಳೆಗಾಳಿಗೆ ಸಿಕ್ಕಿದ ಕಾಲರು ಚಿಂದಿಯಂತೆ ಬಡಿದುಕೊಳ್ಳುವುದನ್ನು ಹಾಸ್ಯ ಮಾಡಿದ. ಹಾಸ್ಯ ಸರಿ, ಆ ಚಿಂದಿಯನ್ನು ರಾತ್ರಿ ಕೂತು ಮತ್ತೆ ನಿಲ್ಲಿಸಬೇಕಾದವರು ಯಾರೆಂದು ಆತ ಯೋಚಿಸಿದ ಹಾಗೆ ಕಾಣೆ. ಇನ್ನೊಂದು ಮಾತಂತೂ ನಿಜ: ಅವರ ಗಂಜಿ ಗೋಧಿಯದು. 1590ರ ದಶಕದಲ್ಲಿ ಮಳೆ ಅತಿಯಾಗಿ ಬೆಳೆ ಕೆಟ್ಟಾಗಲೂ ಉಣ್ಣುವ ಗೋಧಿ ಕೊರಳಿಗೆ ಹೋಗುತ್ತಿತ್ತು. ಅದಕ್ಕೆ ಗೊಣಗಿದವರನ್ನು ತಪ್ಪೆನ್ನಲಾರೆ.

ಗೋಧಿಯ ಜೊತೆಗೆ ಒಂದು ಕಾಡುಗಡ್ಡೆಯ ಗಂಜಿಯೂ ಇತ್ತು. ನಮ್ಮ ಕೆಸುವಿನ ಜಾತಿಯದು. ಎಲ್ಲಕ್ಕಿಂತ ಬೆಳ್ಳನೆಯ ಗಂಜಿ ಅದೇ. ಆದರೆ ಹಾಕುವವರ ಕೈಯಲ್ಲಿ ಬೊಬ್ಬೆ ಏಳಿಸುತ್ತದೆ, ಒರಟಾಗಿಸುತ್ತದೆ, ಉರಿಸುತ್ತದೆ ಎಂದು ಜಾನ್ ಜೆರಾರ್ಡ್ 1597ರ ತನ್ನ ಗಿಡಮೂಲಿಕೆಯ ಗ್ರಂಥದಲ್ಲಿ ಬರೆದಿದ್ದಾನೆ. ಕೆಸುವಿನ ತುರಿಕೆ ನಮಗೆ ಹೊಸದೇ? ಅದರಲ್ಲಿ ದಿನವೂ ಕೈ ಅದ್ದುವುದೆಂದರೆ! ಅಮ್ಮನಿಗೆ ಇದನ್ನು ಓದಿ ಹೇಳಿದೆ. ಅವಳು ಏನೂ ಅನ್ನಲಿಲ್ಲ, ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.

ಅಪ್ಪ ಗುಮಾಸ್ತರಾಗಿದ್ದರು. ಅವರ ಅಂಗಿಯ ಕಾಲರು ಊರಿಗೇ ಪ್ರಸಿದ್ಧ. “ರಾಯರ ಕಾಲರು ನೋಡಿ, ಬ್ಲೇಡಿನ ಹಾಗಿದೆ” ಎನ್ನುತ್ತಿದ್ದರು ಜನ. ಸಾಬೂನು, ಸೋಡಾ, ಗಂಜಿಯಲ್ಲಿ ಅಮ್ಮನ ಬೆರಳ ಸಂದುಗಳು ಚಳಿಗಾಲದಲ್ಲಿ ಬಿರಿದು ರಕ್ತ ಬರುತ್ತಿದ್ದುದು ನಮಗೆ ಮಾತ್ರ ಗೊತ್ತು. ಅಪ್ಪ ಒಳ್ಳೆಯವರೇ, ಮುಲಾಮು ತಂದುಕೊಡುತ್ತಿದ್ದರು. ಮನೆಯಲ್ಲಿರುವ ಅಪ್ಪನ ಮೂರು ಫೋಟೋಗಳಲ್ಲೂ ಆ ಕಾಲರು ನಿಚ್ಚಳವಾಗಿದೆ.

1588ರ ಆರ್ಮಡಾ ಚಿತ್ರದಲ್ಲಿ ಎಲಿಜಬೆತ್ ರಾಣಿಯ ಮುಖದ ಸುತ್ತ ಲೇಸಿನ ಕಾಲರು ಸೂರ್ಯಕಾಂತಿಯಂತೆ ಅರಳಿದೆ. ನಾನೀಗ ಆ ಚಿತ್ರದಲ್ಲಿ ಮುಖ ನೋಡುವುದಿಲ್ಲ. ಎಷ್ಟು ಸುರುಳಿ ಎಂದು ಎಣಿಸಲು ಹೋಗಿ ಲೆಕ್ಕ ತಪ್ಪುತ್ತೇನೆ. ಸ್ಪೇನಿನಲ್ಲಿ 1623ರಲ್ಲಿ ದೊರೆ ಈ ಕಾಲರನ್ನೇ ನಿಷೇಧಿಸಿದ. ದುಂದುವೆಚ್ಚ ತಡೆಯಲು ಎಂಬ ಕಾರಣ. ಅಲ್ಲಿಯ ಅಗಸಗಿತ್ತಿಯರಿಗೆ ಕೈ ಹಗುರವಾಯಿತೋ, ಹೊಟ್ಟೆಪಾಡು ಹೋಯಿತೋ! ಅಂದಿನ ಕಾಲರುಗಳಲ್ಲಿ ಇಂದಿಗೆ ಉಳಿದಿರುವುದು ಬೆರಳೆಣಿಕೆಯಷ್ಟು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿ ಒಂದಿದೆ.

ನಾಟಕ ಚೆನ್ನಾಗಿ ಆಯಿತು. ಒಂಬತ್ತನೇ ತರಗತಿಯ ಹುಡುಗ ಡ್ಯೂಕ್ ಆಗಿ ನಲವತ್ತು ನಿಮಿಷ ಅದನ್ನು ಧರಿಸಿ ಕೂತ. ಕಾಲ ಕೆಳಗೇನಿದೆ ಕಾಣುವುದಿಲ್ಲ, ಬಗ್ಗಿದರೆ ಗದ್ದ ಚುಚ್ಚುತ್ತದೆ ಎಂದು ಗೊಣಗಿದರೂ, ಎಂದೂ ಬೆನ್ನು ನೆಟ್ಟಗಿಡದವನು ಅಂದು ದೊರೆಯ ಹಾಗೆಯೇ ಕೂತಿದ್ದ. ಮುಂದಿನ ಸಾಲಿನಲ್ಲಿದ್ದ ಅಮ್ಮ ನಾಟಕದ ಮಾತು ಒಂದೂ ಅರ್ಥವಾಗದಿದ್ದರೂ ಕಡೆಯವರೆಗೆ ಕಣ್ಣು ಕೀಳಲಿಲ್ಲ. “ಎಡಗಡೆ ಎರಡು ಸುರುಳಿ ಬಗ್ಗಿವೆ” ಎಂದಳು ಆಟೋದಲ್ಲಿ.

ಗಂಜಿ ಹಾಗೇ ಬಿಟ್ಟರೆ ಜಿರಳೆ ತಿನ್ನುತ್ತವೆಂದು ಮರುದಿನ ನೀರಿಗೆ ಹಾಕಿದೆ. ಐದು ನಿಮಿಷಕ್ಕೆ ಎಂಬತ್ತು ಸುರುಳಿಯೂ ಬಿಟ್ಟುಕೊಂಡವು. ಹಿಂಡಿ ತಂತಿಯ ಮೇಲೆ ಸೀರೆಗಳ ನಡುವೆ ಹರವಿದೆ. ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿ, “ಯಾರದ್ರೀ ಅದು, ಲಂಗದ ಫ್ರಿಲ್ಲೇ?” ಎಂದರು. “ಹೂಂ, ಡ್ಯೂಕಿಂದು” ಎಂದಳು ಅಮ್ಮ.