ಬೇತಾಳನ ನೆರೆಹೊರೆ

ಚಂದಮಾಮವನ್ನು ಓದಿ ಬೆಳೆದವರ ಕಣ್ಣಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ದಾರಿಯ ತಿರುವಿನಲ್ಲಿ ಬಿಳಲುಗಳನ್ನು ಇಳಿಬಿಟ್ಟು ನಿಂತ ಮುದಿ ಆಲವನ್ನು ಕಂಡೊಡನೆ ಅವರ ದೃಷ್ಟಿ, ಅವರೇ ಅರಿಯದಂತೆ, ಮೇಲಣ ಕೊಂಬೆಗಳಲ್ಲಿ ಯಾವುದನ್ನೋ ಅರಸತೊಡಗುತ್ತದೆ. ಪಾಳುಬಿದ್ದ ಬಾವಿಯ ಕಟ್ಟೆಯ ಮೇಲೆ ವೃದ್ಧೆಯೊಬ್ಬಳು ಒಂಟಿಯಾಗಿ ಕುಳಿತಿದ್ದರೆ, ಆಕೆ ಶಾಪವಿಮೋಚನೆಗಾಗಿ ಕಾದಿರುವ ಯಕ್ಷಿಣಿಯೇಕೆ ಆಗಿರಬಾರದೆಂಬ ಆಲೋಚನೆ ಕ್ಷಣಮಾತ್ರ ಮನಸ್ಸಿನಲ್ಲಿ ಸುಳಿಯುತ್ತದೆ. ಅಪರಿಚಿತ ಊರಿನ ಛತ್ರದಲ್ಲಿ ರಾತ್ರಿ ತಂಗಬೇಕಾಗಿ ಬಂದರೆ, ಪಕ್ಕದಲ್ಲಿ ಮಲಗಿರುವ ಪಯಣಿಗನು ಮಾರುವೇಷದ ರಾಜನೋ ಮಾಂತ್ರಿಕನೋ ಎಂಬ ಕುತೂಹಲದಲ್ಲಿ ನಿದ್ರೆಯೇ ದೂರವಾಗುತ್ತದೆ. ನನಗೆ ಈ ಅಭ್ಯಾಸ ಹತ್ತಿದ್ದು ಧಾರವಾಡದ ಸೀಮೆಯ ನಮ್ಮ ಮನೆಯ ಅಟ್ಟದ ಮೇಲೆ. ಅದು ಬಲಿತು ಫಲಕೊಟ್ಟದ್ದು ಮಾತ್ರ, ಉದ್ಯೋಗನಿಮಿತ್ತವಾಗಿ ಬಂದು ನೆಲೆಸಿದ ಈ ಗೋವೆಯಲ್ಲಿ.

1947ರ ಜುಲೈ ತಿಂಗಳಲ್ಲಿ, ಸ್ವಾತಂತ್ರ್ಯಕ್ಕೆ ಇನ್ನು ಕೆಲವೇ ವಾರಗಳಿದ್ದಾಗ, ಮದರಾಸಿನಲ್ಲಿ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ತೆಲುಗು, ತಮಿಳು ಭಾಷೆಗಳಲ್ಲಿ ಆರಂಭಿಸಿದ ಆ ಮಾಸಪತ್ರಿಕೆ, ಬಹುಕಾಲ ಕಳೆಯುವ ಮುನ್ನವೇ ಕನ್ನಡಕ್ಕೂ ಬಂದು, ನಮ್ಮ ನಾಡಿನ ಹಲವು ತಲೆಮಾರುಗಳ ಬಾಲ್ಯವನ್ನು ತನ್ನದಾಗಿಸಿಕೊಂಡಿತು. ಅಂಚೆಯವನು ಅದನ್ನು ತಂದ ದಿನ ಮನೆಯಲ್ಲಿ ಯಾರು ಮೊದಲು ಓದಬೇಕೆಂಬ ವ್ಯಾಜ್ಯ ತಪ್ಪುತ್ತಿರಲಿಲ್ಲ. ಹಿರಿಯರು ಕೊನೆಯ ಪುಟದ ಚಿತ್ರಶೀರ್ಷಿಕೆಯ ಸ್ಪರ್ಧೆಗೆ ತಲೆ ಕೆಡಿಸಿಕೊಂಡರೆ, ಅಣ್ಣನು ಖಡ್ಗವರ್ಮ, ಜೀವದತ್ತರ ಸಾಹಸವನ್ನು ಕಳೆದ ಸಂಚಿಕೆಯಲ್ಲಿ ಬಿಟ್ಟಲ್ಲಿಂದ ಹಿಡಿಯುತ್ತಿದ್ದನು; ನಾನು ನೇರವಾಗಿ ಬೇತಾಳನ ಕಥೆಗೆ ಹೋಗುತ್ತಿದ್ದೆ. ಹೋದವನು ಓದುತ್ತಿದ್ದೆನೆಂದಲ್ಲ, ಮೊದಲು ಚಿತ್ರವನ್ನು ನೋಡುತ್ತಿದ್ದೆ. ಪತ್ರಿಕೆಯ ಚಿತ್ರಕಾರರಾದ ಶಂಕರರು ಬರೆದ ಆ ಚಿತ್ರವನ್ನು ನೋಡಿದವರಾರೂ ಮರೆತಿರಲಾರರು: ಹಿರಿದ ಕತ್ತಿಯನ್ನು ಹಿಡಿದು, ಹೆಗಲ ಮೇಲೆ ಶವವನ್ನು ಹೊತ್ತು, ಸ್ಮಶಾನದ ನಡುವೆ ಮುಂಬರಿಯುತ್ತಿರುವ ರಾಜ, ಅವನ ಕಾಲಬಳಿ ಕಪಾಲಗಳು, ಸುತ್ತಲೂ ಮುರುಟಿದ ಕೊಂಬೆಗಳ ಕತ್ತಲೆ. ಇಷ್ಟೆಲ್ಲ ಭಯಾನಕದ ಮಧ್ಯೆ ಆ ರಾಜನ ಮುಖದಲ್ಲಿ ಮಾತ್ರ ಭೀತಿಯ ಲೇಶವೂ ಇರಲಿಲ್ಲ. ಕೈಗೊಂಡ ಕೆಲಸವನ್ನು ಮುಗಿಸಬೇಕಾದ ಗೃಹಸ್ಥನ ಏಕಾಗ್ರತೆಯಷ್ಟೇ ಅಲ್ಲಿತ್ತು. ಆ ರೇಖೆಗಳ ಸೂಕ್ಷ್ಮತೆ ಎಷ್ಟೆಂದರೆ, ಮರದ ತೊಗಟೆಯ ಗಂಟುಗಳಲ್ಲಿ ಮುಖಗಳು ಕಾಣುತ್ತಿದ್ದುವು. ಮುಖಗಳನ್ನು ಹುಡುಕುತ್ತ ಕುಳಿತರೆ ದೀಪ ಹಚ್ಚುವ ಹೊತ್ತಾಗುತ್ತಿತ್ತು.

ಕಥೆಯ ಚೌಕಟ್ಟು ಅತಿ ಪ್ರಾಚೀನವಾದದ್ದು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಸಂಗ್ರಹಿಸಿದ ಕಥಾಸರಿತ್ಸಾಗರದಲ್ಲಿ ಬೇತಾಳನ ಕಥೆಗಳು ಇಪ್ಪತ್ತೈದು. ಚಂದಮಾಮವು ಅದೇ ಮರ, ಅದೇ ಶವ, ಅದೇ ಪ್ರಶ್ನೆಯ ಹಂದರವನ್ನು ಉಳಿಸಿಕೊಂಡು, ದಶಕಗಳ ಕಾಲ ತಿಂಗಳಿಗೊಂದು ಹೊಸ ಕಥೆಯನ್ನು ಅದರ ಮೇಲೆ ಹಬ್ಬಿಸಿತು. ಮರದಿಂದ ಶವವನ್ನು ಇಳಿಸಿ ಹೊತ್ತೊಯ್ಯುವ ರಾಜನಿಗೆ ಅದರೊಳಗಿನ ಬೇತಾಳನು ಕಥೆ ಹೇಳಿ ಪ್ರಶ್ನೆ ಕೇಳುತ್ತಾನೆ. ಮೌನಭಂಗವಾದರೆ ಪ್ರಯತ್ನವೆಲ್ಲ ವ್ಯರ್ಥ. ಉತ್ತರ ತಿಳಿದೂ ಮೌನವಾಗಿದ್ದರೆ ತಲೆ ಸಿಡಿದು ಹೋಳಾಗುವುದು. ರಾಜನು ಪ್ರತಿಸಲವೂ ಸತ್ಯವನ್ನೇ ನುಡಿಯುತ್ತಾನೆ, ನುಡಿದುದಕ್ಕಾಗಿಯೇ ಸೋಲುತ್ತಾನೆ, ಸೋತು ಮತ್ತೆ ಮರದ ಬಳಿಗೆ ಹೋಗುತ್ತಾನೆ. ಗೆಲುವಿಗಿಂತ ಸರಿಯಾದ ಉತ್ತರ ದೊಡ್ಡದೆಂದು ಯಾವ ಉಪದೇಶವೂ ಇಲ್ಲದೆ ನಮಗೆ ತಿಳಿಸಿದ ಕಥೆ ಇದು. ಕನ್ನಡದಲ್ಲಿ ಪಟ್ಟು ಬಿಡದವನನ್ನು ಇಂದಿಗೂ ಛಲ ಬಿಡದ ತ್ರಿವಿಕ್ರಮನೆಂದೇ ಕರೆಯುತ್ತೇವೆ. ಹಾಗೆ ಕರೆಯುವವರಲ್ಲಿ ಎಷ್ಟೋ ಮಂದಿಗೆ ಆ ಮಾತು ಬಂದದ್ದು ಮಕ್ಕಳ ಪತ್ರಿಕೆಯೊಂದರಿಂದ.

ಈ ಸಾಮಗ್ರಿಯನ್ನು ತಲೆಯಲ್ಲಿ ತುಂಬಿಕೊಂಡು ಗೋವೆಗೆ ಬಂದವನಿಗೆ ದಾರಿಯಲ್ಲಿಯೇ ಸ್ವಾಗತ ದೊರೆಯುತ್ತದೆ. ಲೋಂಢೆಯನ್ನು ಬಿಟ್ಟ ಗಾಡಿ ಕ್ಯಾಸಲ್‌ರಾಕ್ ದಾಟಿ, ಸುರಂಗಗಳ ಕತ್ತಲೆಯಿಂದ ಬೆಳಕಿಗೂ ಬೆಳಕಿನಿಂದ ಕತ್ತಲೆಗೂ ಹೊಕ್ಕು ಹೊರಡುತ್ತ ಘಟ್ಟವಿಳಿಯುವಾಗ, ಒಮ್ಮೆಲೇ ಬೋಗಿಯ ಜನರೆಲ್ಲ ಒಂದೇ ಪಕ್ಕಕ್ಕೆ ಬಾಗುತ್ತಾರೆ: ಸುಮಾರು 310 ಮೀಟರ್ ಎತ್ತರದಿಂದ ದೂಧಸಾಗರ ಧುಮ್ಮಿಕ್ಕುತ್ತಿರುತ್ತದೆ. ಬೆಟ್ಟದ ನೆತ್ತಿಯ ಸರೋವರದಲ್ಲಿ ಮಿಂದು, ಚಿನ್ನದ ಹೂಜಿಯಿಂದ ಸಕ್ಕರೆ ಬೆರೆಸಿದ ಹಾಲನ್ನು ಕುಡಿಯುತ್ತಿದ್ದ ರಾಜಕುಮಾರಿಯೊಬ್ಬಳು, ಮರಗಳ ಮರೆಯಿಂದ ರಾಜಕುಮಾರನೊಬ್ಬನು ತನ್ನನ್ನು ನೋಡುತ್ತಿರುವುದನ್ನು ಕಂಡು, ಹೂಜಿಯ ಹಾಲನ್ನೇ ಮುಂದೆ ಸುರಿದು ತೆರೆಯಾಗಿ ಮಾಡಿಕೊಂಡಳೆಂದು ಇಲ್ಲಿಯವರು ಹೇಳುತ್ತಾರೆ. ಈ ಕಥೆಯನ್ನು ಕೇಳಿದ ಮೇಲೆ ಆ ಜಲಪಾತವನ್ನು ಬರಿಯ ನೀರೆಂದು ನೋಡುವುದು ನನ್ನಿಂದಾಗಿಲ್ಲ.

ತಾಂಬಡಿ ಸುರ್ಲಾದಲ್ಲಿ ಕದಂಬರ ಕಾಲದ ಮಹಾದೇವನ ದೇವಾಲಯವಿದೆ. ಸುತ್ತಲೂ ಸಹ್ಯಾದ್ರಿಯ ದಟ್ಟ ಕಾಡು, ಪಕ್ಕದಲ್ಲಿ ಹೊಳೆ, ಮಧ್ಯದಲ್ಲಿ ಕರಿಶಿಲೆಯ ಪುಟ್ಟ ಗುಡಿ. ದಾರಿತಪ್ಪಿದ ರಾಜಕುಮಾರನು ಸಂಜೆಯ ಹೊತ್ತಿಗೆ ತಲುಪಬೇಕಾದ ಗುಡಿ ಹೇಗಿರಬೇಕೋ ಹಾಗೆಯೇ ಇದೆ. ಸಾತೇರಿಯ ಗುಡಿಗಳಲ್ಲಿ ದೇವಿಯ ರೂಪವಾಗಿ ಪೂಜೆಗೊಳ್ಳುವುದು ಹುತ್ತ. ಕಥೆಗಳಲ್ಲಿ ನಿಧಿಯನ್ನು ಕಾಯುವ ಹುತ್ತಗಳನ್ನು ಬಲ್ಲವನಿಗೆ ಅದನ್ನು ನೋಡಿ ಕೈ ತಾನಾಗಿ ಮುಗಿಯುತ್ತದೆ. ಆದರೆ ನನಗೆ ಅತ್ಯಂತ ಪ್ರಿಯವಾದದ್ದು ಮಾಂಡವಿ ನದಿಯ ದೋಣಿಕಡವುಗಳು. ಮಳೆಗಾಲದ ಸಂಜೆ, ಆಚೆಯ ದಡವಾದ ದಿವಾಡಿಯ ದ್ವೀಪ ಮಂಜಿನಲ್ಲಿ ಮರೆಯಾಗಿರುವಾಗ, ಹಳೆಗೋವೆಯ ಕಟ್ಟೆಯಲ್ಲಿ ನಿಂತು ಫೆರ್ರಿಗಾಗಿ ಕಾಯಬೇಕು. ಮೊದಲು ಯಂತ್ರದ ಸದ್ದು ಕೇಳಿಸುತ್ತದೆ, ದೋಣಿ ಕಾಣಿಸುವುದಿಲ್ಲ. ಆಮೇಲೆ ಒಂದು ದೀಪ. ಆಮೇಲೆ ಕೊಡೆ ಹಿಡಿದ ಮನುಷ್ಯರು, ಮೀನಿನ ಬುಟ್ಟಿಗಳು, ಒದ್ದೆಯಾದ ಒಂದು ನಾಯಿ. ಕಾಲ್ನಡಿಗೆಯವರಿಂದ ಹಣ ಕೇಳುವವರಿಲ್ಲ. ಅಂಬಿಗನು ಬದಲಿಗೆ ಒಂದು ಒಗಟನ್ನು ಕೇಳಿಯಾನೆಂದು ನಾನು ಇಂದಿಗೂ ಸಿದ್ಧನಾಗಿಯೇ ದೋಣಿ ಹತ್ತುತ್ತೇನೆ.

ಇವೆಲ್ಲ ನನ್ನ ಕಣ್ಣಿನ ವಿಲಾಸವೆಂದೇ ಬಹುಕಾಲ ಎಣಿಸಿದ್ದೆ. ಹಾಗಲ್ಲವೆಂದು ತೋರಿಸಿಕೊಟ್ಟವರು ನಮ್ಮ ನೆರೆಮನೆಯ ಮಾಯಿ. ಒಂದು ಮಧ್ಯಾಹ್ನ ಅವರ ಮನೆಯ ಜಗಲಿಯಾದ ಬಲ್ಕಾಂವ್‌ನಲ್ಲಿ ಕುಳಿತು, ಊರಿನಿಂದ ತಂದ ಹಳೆಯ ಚಂದಮಾಮದ ಕಟ್ಟೊಂದನ್ನು ಬಿಚ್ಚಿ ಧೂಳು ಕೊಡಹುತ್ತಿದ್ದೆ. ಮಾಯಿಗೆ ಕನ್ನಡದ ಒಂದಕ್ಷರವೂ ಬಾರದು. ಅವರು ಅಕ್ಕಿ ಆರಿಸುವುದನ್ನು ಬಿಟ್ಟು, ಕನ್ನಡಕವನ್ನು ಸರಿಪಡಿಸಿಕೊಂಡು, ಮೇಲಿನ ಸಂಚಿಕೆಯನ್ನು ಕೈಗೆತ್ತಿಕೊಂಡು, “ಹೊ ಆಮಚೊ ಚಾಂದೋಬಾ ನ್ಹಂಯ್ ರೇ ಬಾಬ?” (ಇದು ನಮ್ಮ ಚಾಂದೋಬಾ ಅಲ್ಲವೇನಪ್ಪ?) ಎಂದರು. ಚಂದಮಾಮದ ಮರಾಠಿ ರೂಪ ಚಾಂದೋಬಾ. 1961ರಲ್ಲಿ ಗೋವೆ ವಿಮುಕ್ತವಾದ ಅನಂತರದ ವರ್ಷಗಳಲ್ಲಿ, ಬಾಲಿಕೆಯಾಗಿದ್ದ ಮಾಯಿ ಅದನ್ನು ಮರಾಠಿ ಶಾಲೆಯಲ್ಲಿ ಓದಿದ್ದರು. ಪುಟ ತಿರುಗಿಸುತ್ತ ಹೋದಂತೆ, ಬರಿಯ ಚಿತ್ರಗಳನ್ನು ನೋಡಿಯೇ ಅವರು ಕಥೆಯನ್ನು ಕೊಂಕಣಿಯಲ್ಲಿ ಹೇಳತೊಡಗಿದರು. ನಾನು ಕನ್ನಡದ ಸಾಲುಗಳ ಮೇಲೆ ಕಣ್ಣಾಡಿಸುತ್ತ ಹಿಂಬಾಲಿಸಿದೆ. ಎರಡು ಭಾಷೆಗಳಲ್ಲಿ ಒಂದೇ ಕಥೆ ಸರಿಸಮನಾಗಿ ನಡೆಯಿತು. ಬೇತಾಳನ ಪುಟ ಬಂದಾಗ ಮಾತ್ರ ಅವರು ಪುಸ್ತಕವನ್ನು ಹಣೆಗೊತ್ತಿಕೊಂಡರು.

ನನಗೆ ಆಶ್ಚರ್ಯವಾಯಿತು. ಮಾಯಿಗೆ ಆದದ್ದು ನನ್ನ ಆಶ್ಚರ್ಯವನ್ನು ಕಂಡು ಆಶ್ಚರ್ಯ. ಅವರ ತವರು ಕಾಣಕೋಣದ ಕಡೆ; ಅಲ್ಲಿ ಬೇತಾಳನು ಮರಕ್ಕೆ ಜೋತುಬಿದ್ದ ಭೂತವಲ್ಲ, ಊರನ್ನು ಕಾಯುವ ದೇವರು. ಪೈಂಗಿಣದಲ್ಲಿ ಅವನ ದೇವಾಲಯವಿದೆ, ಮೂರು ವರ್ಷಗಳಿಗೊಮ್ಮೆ ಗಡ್ಯಾಂಚಿ ಜಾತ್ರೆ ನಡೆಯುತ್ತದೆ. ಆಮೋಣೆಯಲ್ಲಿ, ಪ್ರಿಯೋಳದಲ್ಲಿ ಅವನಿಗೆ ಗುಡಿಗಳಿವೆ. “ರಾತ್ರಿ ಅವನು ಊರ ಸುತ್ತ ತಿರುಗುತ್ತಾನೆ, ಬಾಬ. ನಡೆದು ನಡೆದು ಅವನ ಚಪ್ಪಲಿ ಸವೆಯುತ್ತದೆ. ಅದಕ್ಕೇ ನಾವು ಹೊಸ ಜೋಡಿ ಒಪ್ಪಿಸುತ್ತೇವೆ,” ಎಂದು ಮಾಯಿ, ನೆರೆಮನೆಯವರ ದಿನಚರಿಯನ್ನು ಹೇಳುವಷ್ಟು ಸಹಜವಾಗಿ ಹೇಳಿ, ಮತ್ತೆ ಅಕ್ಕಿಯ ಮೊರವನ್ನು ಮಡಿಲಿಗೆಳೆದುಕೊಂಡರು.

ಆಮೇಲೆ ನಾನು ಹೋಗಿ ನೋಡಿದೆ. ಗೋವೆಯ ಪ್ರಾಚೀನ ಬೇತಾಳ ಶಿಲ್ಪಗಳು ಸೌಮ್ಯವಾದುವಲ್ಲ: ದಿಗಂಬರ ದೇಹ, ಹೊರಚಾಚಿದ ಕಣ್ಣು, ಸರ್ಪಗಳ ಆಭರಣ, ಉದರದ ಮೇಲೆ ಕೊಂಡಿಯೆತ್ತಿದ ಚೇಳು. ಲೋಲಿಯೆಂ ಗ್ರಾಮದಲ್ಲಿ ಅಂತಹ ಒಂದು ಮಹಾಮೂರ್ತಿ, ಗರ್ಭಗುಡಿಯ ಮರೆಯಿಲ್ಲದೆ, ಬಿಸಿಲಿಗೂ ಮಳೆಗೂ ಮೈಯೊಡ್ಡಿ ಬಯಲಲ್ಲಿ ನಿಂತಿದೆ. ಆ ಭೀಷಣ ರೂಪದ ಎದುರಿಗೆ ನಿಂತಾಗ ನನಗೆ ಶಂಕರರ ಕತ್ತಲೆ ನೆನಪಾಗದೆ ಇರಲಿಲ್ಲ. ಆದರೆ ಹರಕೆಯ ಚಪ್ಪಲಿಗಳನ್ನು ನೋಡಿದಾಗ ಆದ ಭಾವನೆಯೇ ಬೇರೆ. ದಪ್ಪ ತೊಗಲಿನವು, ಹಳ್ಳಿಯ ಚಮ್ಮಾರನ ಹೊಲಿಗೆಯವು, ಮನುಷ್ಯರ ಪಾದಕ್ಕೆ ಹಿರಿದಾದ ಅಳತೆಯವು. ದೇವರಿಗೆ ಕಿರೀಟವನ್ನೂ ಪೀತಾಂಬರವನ್ನೂ ಒಪ್ಪಿಸುವ ಭಕ್ತಿಯನ್ನು ನಾನು ಕಂಡಿದ್ದೆ. ಕೆಲಸ ಮಾಡಿ ದಣಿಯುವ ದೇವರಿಗೆ ಕಾಲಿಗೊಂದು ಆಸರೆ ಇರಲೆಂದು ಯೋಚಿಸುವ ಈ ವಾತ್ಸಲ್ಯ ಹೊಸದು. ಕಥೆಯಲ್ಲಿ ತ್ರಿವಿಕ್ರಮನು ಬೇತಾಳನನ್ನು ಹೊತ್ತು ನಡೆಯುತ್ತಾನೆ. ಇಲ್ಲಿ ಬೇತಾಳನೇ ಊರಿನ ಭಾರವನ್ನು ಹೊತ್ತು ರಾತ್ರಿಯೆಲ್ಲ ನಡೆಯುತ್ತಾನೆ. ಬಿಡದೆ ನಡೆಯುವ ಗುಣ ಮಾತ್ರ ಇಬ್ಬರದೂ ಒಂದೇ.

ಕಲ್ಪನಾಲೋಕದ ಕಥೆಗಳು ಮನುಷ್ಯನನ್ನು ಕಾಲಕೆಳಗಿನ ನೆಲದಿಂದ ದೂರ ಸೆಳೆಯುತ್ತವೆಯೆಂದು ಹೇಳುವ ವಿವೇಕಿಗಳಿದ್ದಾರೆ. ನನ್ನ ಅನುಭವ ಅದಕ್ಕೆ ತದ್ವಿರುದ್ಧ. ಚಂದಮಾಮವನ್ನು ಓದಿರದಿದ್ದರೆ ನಾನು ಗೋವೆಯಲ್ಲಿ ಹಡಗುಕಟ್ಟೆಯನ್ನು, ಕಚೇರಿಯನ್ನು, ಪೇಟೆಯನ್ನು ಕಂಡು ತೃಪ್ತನಾಗಿರುತ್ತಿದ್ದೆ. ಉಪ್ಪುನೀರನ್ನು ತಡೆದು ಮಾಡಿದ ಖಾಜಾನ್ ಗದ್ದೆಗಳ ಒಡ್ಡಿನ ಮೇಲೆ ಯಾರೋ ಕ್ಷೇತ್ರಪಾಲನಿಗೆಂದು ಇಟ್ಟುಹೋದ ರೊಟ್ಟಿಯ ಮುಂದೆ ನಿಲ್ಲುತ್ತಿರಲಿಲ್ಲ, ಮಾಯಿಯ ಮಾತಿಗೆ ಕಿವಿಗೊಡುತ್ತಿರಲಿಲ್ಲ. ಬಾಲ್ಯದಲ್ಲಿ ತೊಗಟೆಯ ಗಂಟುಗಳಲ್ಲಿ ಮುಖಗಳನ್ನು ಹುಡುಕಿದ ಕಣ್ಣೇ ಪರನಾಡಿನ ನೆಲದ ಮುಖವನ್ನು ಗುರುತಿಸಿತು.

ಆ ಪತ್ರಿಕೆ ಈಗ ನಿಂತುಹೋಗಿದೆ. ಶಂಕರರೂ 2020ರಲ್ಲಿ ತೀರಿಕೊಂಡರು. ಹಳೆಯ ಸಂಚಿಕೆಗಳು ಮಾತ್ರ ಕನ್ನಡನಾಡಿನ ಎಷ್ಟೋ ಮನೆಗಳ ಅಟ್ಟಗಳಲ್ಲಿ ಇನ್ನೂ ಇವೆ. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಮಕ್ಕಳನ್ನು ಕರೆದುಕೊಂಡು ಗೋವೆಯ ಕಡಲತೀರಕ್ಕೆ ಬರುವವರು, ಒಂದು ದಿನವನ್ನು ಮಿಗಿಸಿಕೊಂಡು ಮಡಗಾಂವಿನಿಂದ ಕಾರವಾರದ ಹೆದ್ದಾರಿಯನ್ನು ಹಿಡಿಯಿರಿ. ಕಾಣಕೋಣದ ಪೇಟೆಯನ್ನು ದಾಟಿದರೆ ಪೈಂಗಿಣ, ಅದರ ಮುಂದೆ ಲೋಲಿಯೆಂ. ಹೊರಡುವ ಹಿಂದಿನ ರಾತ್ರಿ ಮಕ್ಕಳಿಗೆ ಬೇತಾಳನ ಒಂದು ಕಥೆಯನ್ನಾದರೂ ಓದಿ ಹೇಳಿ.