ನಿಝಾಮುದ್ದೀನ್ ಬಸ್ತಿಯ ಹಸಿರು ಅಂಗಳ

ನಮ್ಮ ಕರಾವಳಿಯಿಂದ ದೆಹಲಿಗೆ ಹೋಗುವವರಿಗೆ ಹಝ್ರತ್ ನಿಝಾಮುದ್ದೀನ್ ಎಂಬ ಹೆಸರು ಮೊದಲು ಪರಿಚಯವಾಗುವುದು ರೈಲು ಟಿಕೆಟಿನಲ್ಲಿ. ನಿಲ್ದಾಣದಲ್ಲಿಳಿದು ಆಟೋ ಹತ್ತಿ ಕೆಂಪು ಕೋಟೆ, ಜಾಮಾ ಮಸೀದಿ, ಕುತುಬ್ ಮಿನಾರ್ ಎಂದು ಓಡಾಡಿ ಮರಳುವವರೇ ಹೆಚ್ಚು. ಆ ಹೆಸರಿನ ಬಸ್ತಿ ಮಾತ್ರ ನೋಡದೆಯೇ ಉಳಿದುಬಿಡುತ್ತದೆ.

1325ರಲ್ಲಿ ನಿಧನರಾದ ಹಝ್ರತ್ ನಿಝಾಮುದ್ದೀನ್ ಔಲಿಯಾರ ಸುತ್ತ ಬೆಳೆದ ಊರಿದು. ಅವರ ಶಿಷ್ಯ, ಕವಿ ಅಮೀರ್ ಖುಸ್ರೋ ಇಲ್ಲಿಯೇ ಇದ್ದಾರೆ. ಉರ್ದು ಕವಿ ಮಿರ್ಝಾ ಗಾಲಿಬರ ಗೋರಿ, ತಬ್ಲೀಗ್ ಜಮಾಅತ್‌ನ ಮರ್ಕಝ್ ಕೂಡಾ ಇಲ್ಲೇ ಇವೆ. ಗಲ್ಲಿಗೆ ಕಾಲಿಟ್ಟರೆ ಅತ್ತರು, ಗುಲಾಬಿ ಎಸಳು, ಕಬಾಬಿನ ಹೊಗೆ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ. ತಲೆ ಎತ್ತಿದರೆ ಒಂದಕ್ಕೊಂದು ತಾಗಿ ನಿಂತ ಮನೆಗಳ ನಡುವೆ ಆಕಾಶ ಒಂದು ಪಟ್ಟಿಯಂತೆ ಕಾಣುತ್ತದೆ. ಬಿಸಿಲು ಕಾಣದ ಇಂತಹ ಕೋಣೆಗಳಲ್ಲೇ ಎಷ್ಟೋ ಹೆಂಗಸರ ದಿನ ಕಳೆಯುತ್ತದೆ.

ಈ ಬಸ್ತಿಗೆ ಹಸಿರು ಬಂದ ಕಥೆ ಆರಂಭವಾಗುವುದು ಮಥುರಾ ರಸ್ತೆಯ ಆಚೆ ಬದಿಯಲ್ಲಿ, ಹುಮಾಯೂನರ ಗೋರಿಯಿಂದ. ಭಾರತದ ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ಕೊಡುಗೆಯಾಗಿ ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟ್ 1997ರಲ್ಲಿ ಅದರ ತೋಟದ ಜೀರ್ಣೋದ್ಧಾರಕ್ಕೆ ಮುಂದೆ ಬಂತು. 2003ರಲ್ಲಿ ಕೆಲಸ ಮುಗಿದಾಗ, ಬತ್ತಿದ್ದ ಕಾಲುವೆಗಳಲ್ಲಿ ಮತ್ತೆ ನೀರು ಹರಿಯಿತು. ಮಳೆನೀರು ಇಂಗಲು ಗುಂಡಿಗಳನ್ನೂ ಮಾಡಿದರು.

ತೋಟ ಚೆಂದವಾಯಿತು. ಆದರೆ ರಸ್ತೆಯ ಈಚೆ ಇರುವ ಬಡವರಿಗೆ ಅದರಿಂದ ಏನು ಸಿಕ್ಕಿತು? 2007ರಲ್ಲಿ ಆರಂಭವಾದ ಎರಡನೆಯ ಯೋಜನೆಯಲ್ಲಿ ಈ ಪ್ರಶ್ನೆಗೆ ಉತ್ತರವಿತ್ತು. ಪುರಾತತ್ವ ಇಲಾಖೆ, ಕೇಂದ್ರ ಲೋಕೋಪಯೋಗಿ ಇಲಾಖೆ ಮತ್ತು ದೆಹಲಿ ನಗರಪಾಲಿಕೆಗಳು ಟ್ರಸ್ಟಿನೊಂದಿಗೆ ಕೈಜೋಡಿಸಿದವು. ಟಾಟಾ ಟ್ರಸ್ಟ್‌ನಂತಹ ಸಂಸ್ಥೆಗಳೂ ಅನುದಾನ ನೀಡಿದವು. ಗೋರಿ, ಪಕ್ಕದ ಸುಂದರ್ ನರ್ಸರಿ ಮತ್ತು ಬಸ್ತಿ, ಈ ಮೂರನ್ನೂ ಒಂದೇ ಯೋಜನೆಯಲ್ಲಿ ಸೇರಿಸಿದ್ದೇ ಅದರ ವಿಶೇಷ.

ಬಸ್ತಿಯಲ್ಲಿ ಪಾಲಿಕೆಯ ಪ್ರಾಥಮಿಕ ಶಾಲೆಯನ್ನು ಸುಧಾರಿಸಿದರು. ಪಾಲಿಕೆಯ ಆಸ್ಪತ್ರೆಗೆ ರಕ್ತ ಪರೀಕ್ಷೆಯ ಸೌಕರ್ಯ ಬಂತು. ಸಾರ್ವಜನಿಕ ಶೌಚಾಲಯಗಳಾದವು. ಔಲಿಯಾರ ಕಾಲದ ಮೆಟ್ಟಿಲುಬಾವಿಯ ಒಂದು ಭಾಗ 2008ರಲ್ಲಿ ಕುಸಿದಾಗ ಅದನ್ನು ದುರಸ್ತಿ ಮಾಡಿ, ಶತಮಾನಗಳ ಹೂಳನ್ನು ಎತ್ತಿದರು. ಬಸ್ತಿಯ ಅಂಚಿನಲ್ಲಿ ಹಾಳುಬಿದ್ದಿದ್ದ ಜಾಗಗಳನ್ನು ಉದ್ಯಾನಗಳಾಗಿ ಮಾಡುವಾಗ ಅಲ್ಲಿನವರ ಅಗತ್ಯಗಳನ್ನೇ ಮುಂದಿಟ್ಟುಕೊಂಡರು. ಹುಡುಗರಿಗೆ ಆಡಲು ಒಂದು ಜಾಗ, ಮದುವೆ ಮತ್ತಿತರ ಕೂಟಗಳಿಗೆ ಒಂದು ಜಾಗ, ಹೆಂಗಸರು ಮತ್ತು ಮಕ್ಕಳಿಗೆಂದೇ ಪ್ರತ್ಯೇಕ ಉದ್ಯಾನ.

ಈ ಕೊನೆಯದರ ಬೆಲೆ ನಮಗೆ ಗೊತ್ತು. ಸಕ್ಕರೆ ಕಾಯಿಲೆಗೆ ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದು ವೈದ್ಯರು ಹೇಳುತ್ತಾರೆ. ಎಲ್ಲಿ ನಡೆಯುವುದು? ಫುಟ್‌ಪಾತ್ ಇಲ್ಲದ ರಸ್ತೆಯಲ್ಲೇ? ಊರಿನ ಮೈದಾನ ಹುಡುಗರ ಕ್ರಿಕೆಟಿಗೆ, ಪಾರ್ಕಿನ ಬೆಂಚು ಗಂಡಸರ ಹರಟೆಗೆ ಎಂದಾದ ಮೇಲೆ ನಮಗೆ ಉಳಿಯುವುದು ಮನೆಯ ಟೆರೇಸ್ ಮಾತ್ರ. ಅದೂ ಬಟ್ಟೆ ಒಣಗಿಸುವ ನೆಪದಲ್ಲಿ.

ಹೆಂಗಸರಿಗೆ ಜಾಗದೊಂದಿಗೆ ದುಡಿಮೆಯೂ ಬಂತು. ‘ಇನ್ಶಾ-ಎ-ನೂರ್’ ಎಂಬ ಹೆಸರಿನಲ್ಲಿ ಬಸ್ತಿಯ ಯುವತಿಯರು ಕಸೂತಿ ಮತ್ತು ಕಾಗದ ಕತ್ತರಿಸಿ ಚಿತ್ತಾರ ಬಿಡಿಸುವ ಸಾಂಝಿ ಕಲೆಯಿಂದ ವಸ್ತುಗಳನ್ನು ತಯಾರಿಸಿದರು. 2012ರಲ್ಲಿ ಆರಂಭವಾದ ‘ಝಾಯಿಕಾ-ಎ-ನಿಝಾಮುದ್ದೀನ್’ ತಂಡದ ಗೃಹಿಣಿಯರು ತಮ್ಮ ಮನೆಯ ಅಡುಗೆಯನ್ನೇ ಸಂಪಾದನೆಯ ದಾರಿ ಮಾಡಿಕೊಂಡರು. ಬಸ್ತಿಯ ಈ ಕೆಲಸಕ್ಕೆ 2021ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಸಂದಿತು.

ಸುಂದರ್ ನರ್ಸರಿಗೆ ಹೋಗಲು ಮಥುರಾ ರಸ್ತೆ ದಾಟಬೇಕು. ಹೊಸ ದೆಹಲಿ ಕಟ್ಟುವಾಗ ಯಾವ ಮರ ಇಲ್ಲಿ ಬಾಳುತ್ತದೆಂದು ಪರೀಕ್ಷಿಸಲು ಬ್ರಿಟಿಷರು ಮಾಡಿದ್ದ ಸಸ್ಯ ಕ್ಷೇತ್ರವಿದು. 2018ರಲ್ಲಿ ಸುಮಾರು 90 ಎಕರೆಯ ಉದ್ಯಾನವಾಗಿ ಜನರಿಗೆ ತೆರೆದುಕೊಂಡಿತು. ನಡುವೆ ಅಮೃತಶಿಲೆಯ ಕಾರಂಜಿಗಳು, ಅಲ್ಲಲ್ಲಿ ಮೊಗಲರ ಕಾಲದ ಗುಮ್ಮಟಗಳು, ಸುಮಾರು 300 ಜಾತಿಯ ಮರಗಳು. ಚಾಪೆ ಹಾಸಿ, ಬುತ್ತಿ ಬಿಚ್ಚಿ ಕುಳಿತ ಕುಟುಂಬಗಳನ್ನು ನೋಡುತ್ತಾ ನಾವೂ ಒಂದು ಮರದಡಿ ಕುಳಿತೆವು. ಅಸರ್ ಹೊತ್ತಿನ ಆ ತಂಪು ಗಲ್ಲಿಯಿಂದ ಬಂದವರಿಗೆ ಬೇರೆಯೇ ಲೋಕ.

“ಉಮ್ಮಾ, ಮರ ನೋಡಲೂ ಟಿಕೆಟ್ ಬೇಕಾ?” ಎಂದು ಮಗಳು ಕೇಳಿದಳು. ಪ್ರಶ್ನೆ ಸಣ್ಣದಲ್ಲ. ಅನುದಾನ ಗಿಡ ನೆಡುತ್ತದೆ. ಹತ್ತು ವರ್ಷದ ನಂತರ ಅದಕ್ಕೆ ನೀರು ಹಾಕುವವರ ಸಂಬಳ ಯಾರು ಕೊಡಬೇಕು? ಟಿಕೆಟಿನ ಉದ್ದೇಶ ಅದು. ಆದರೆ ಆರು ಮಕ್ಕಳ ಬಡ ತಾಯಿಗೆ ಆ ಟಿಕೆಟ್ಟೇ ಗೋಡೆಯಾಗಬಹುದು. ಹಾಗಾಗಿಯೇ ಬಸ್ತಿಯೊಳಗಿನ ಪುಟ್ಟ ಉದ್ಯಾನ ಈ 90 ಎಕರೆಗಿಂತ ಕಡಿಮೆಯದ್ದಲ್ಲ.

ಈ ಪ್ರಶ್ನೆಗೆ ನಮ್ಮ ಶರೀಅತ್ ಹಿಂದೆಯೇ ದಾರಿ ತೋರಿದೆ. ಖೈಬರಿನಲ್ಲಿ ಸಿಕ್ಕಿದ ಉತ್ತಮ ಭೂಮಿಯನ್ನು ಏನು ಮಾಡಲಿ ಎಂದು ಹಝ್ರತ್ ಉಮರ್(ರ) ಕೇಳಿದಾಗ, ಮೂಲವನ್ನು ಉಳಿಸಿ ಅದರ ಫಸಲನ್ನು ದಾನ ಮಾಡುವಂತೆ ಪ್ರವಾದಿ(ಸ)ರು ಸೂಚಿಸಿದರು. ವಕ್ಫ್‌ನ ಬುನಾದಿ ಇದು. ಅನುದಾನ ಒಮ್ಮೆ ಬಂದು ಮುಗಿಯುತ್ತದೆ, ವಕ್ಫ್ ಪ್ರತಿವರ್ಷ ಕೊಡುತ್ತಲೇ ಇರುತ್ತದೆ. ಒಬ್ಬ ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯರು, ಹಕ್ಕಿಗಳು, ಪ್ರಾಣಿಗಳು ತಿಂದದ್ದೆಲ್ಲವೂ ಅವನ ಪಾಲಿಗೆ ಸದಕಾ ಎಂದೂ ಹದೀಸ್ ಕಲಿಸುತ್ತದೆ.

ನಮ್ಮ ಊರುಗಳಲ್ಲಿ ಕೋಟಿಗಟ್ಟಲೆಯ ಟ್ರಸ್ಟ್ ಇಲ್ಲದಿರಬಹುದು. ಆದರೆ ಪಂಚಾಯತ್, ಪುರಸಭೆಗಳಿವೆ, ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಿದೆ, ಊರಿಗೆ ಏನಾದರೂ ಮಾಡಬೇಕೆನ್ನುವ ಗಲ್ಫ್‌ನ ಮಕ್ಕಳಿದ್ದಾರೆ. ಜಮಾಅತ್‌ನ ಅಧೀನದಲ್ಲಿ ಪೊದೆ ಬೆಳೆದ ಜಾಗಗಳೂ ಇವೆ. ಮುಂದಿನ ಬಾರಿ ಅಂತಹ ಜಾಗದಲ್ಲಿ ಏನು ಮಾಡೋಣ ಎಂಬ ಚರ್ಚೆ ಬಂದಾಗ, ಇನ್ನೊಂದು ಶಾಮಿಯಾನ ಹಾಲ್ ಎನ್ನುವ ಮೊದಲು ಮನೆಯ ಗಂಡಸರ ಮೂಲಕವಾದರೂ ನಮ್ಮ ಮನವಿ ತಲುಪಲಿ: ನಾಲ್ಕು ಮರ, ಒಂದು ಕಾಲುದಾರಿ, ಒಂದು ಬೆಂಚು, ಒಂದು ಸ್ವಚ್ಛ ಶೌಚಾಲಯ. ಜೊತೆಗೆ ಅದರ ಖರ್ಚಿಗಾಗಿ ಪಕ್ಕದಲ್ಲಿ ಬಾಡಿಗೆಯ ಒಂದು ಅಂಗಡಿ. ಇದು ಉಮರ್(ರ) ಅವರ ಭೂಮಿಯಿಂದ ಕಲಿತ ಪಾಠ.