ವಕೀಲರ ಆಯವ್ಯಯ

ಧಾರವಾಡದ ಆ ಹಿರಿಯ ವಕೀಲರಿಗೆ ಲೆಕ್ಕ ಬಾರದೆಂದು ಯಾರೂ ಹೇಳುವಂತಿರಲಿಲ್ಲ. ಮೂವತ್ತೆಂಟು ವರ್ಷಗಳ ಜಮಾಖರ್ಚು ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳಲ್ಲಿ, ಅವರದೇ ದುಂಡಾದ ಅಕ್ಷರಗಳಲ್ಲಿ, ಗೋಡೆಯ ಕಪಾಟನ್ನು ತುಂಬಿದ್ದಿತು. ಪರಂತು ಆ ಪುಸ್ತಕಗಳು ಆಗಿಹೋದುದನ್ನು ಹೇಳುತ್ತಿದ್ದುವೇ ಹೊರತು ಮುಂದೆ ಆಗತಕ್ಕುದನ್ನು ಹೇಳುತ್ತಿರಲಿಲ್ಲ. ಬರುವ ತಿಂಗಳ ಆದಾಯವೆಷ್ಟೆಂದು ಕೇಳಿದರೆ, “ಕಕ್ಷಿಗಾರರು ಕೊಟ್ಟಷ್ಟು” ಎನ್ನುವರು. ಇಂತಹ ಉತ್ತರವು ವಕೀಲರಿಗೆ ಭೂಷಣದಂತೆ ಒಪ್ಪಬಹುದು. ಅವರ ಗುಮಾಸ್ತರ ಮನೆಯವರಿಗೆ ಒಪ್ಪುವುದು ಕಷ್ಟ.

ಮಾರ್ಚಿ ತಿಂಗಳ ಕೊನೆಯ ಭಾನುವಾರ, ತಂದೆಯ ಕಚೇರಿಯಲ್ಲಿಯೇ ವಕೀಲಿ ಮಾಡುತ್ತಿದ್ದ ಮಗಳು ಗಣಕಯಂತ್ರವನ್ನು ಮೇಜಿನ ಮೇಲಿರಿಸಿ ಟ್ಯಾಲಿಯನ್ನು ತೆರೆದಳು. ಈ ತಂತ್ರಾಂಶವು ಬೆಂಗಳೂರಿನಲ್ಲಿ ೧೯೮೬ರಲ್ಲಿ ಹುಟ್ಟಿದುದು. ಶ್ಯಾಮಸುಂದರ ಗೋಯಂಕಾ ಎಂಬ ವ್ಯಾಪಾರಿಗಳು ತಮ್ಮ ವ್ಯವಹಾರಕ್ಕೆ ಒಪ್ಪುವಂತಹ ಲೆಕ್ಕದ ಸಾಧನವು ದೊರೆಯದಿರಲು, ಮಗನಾದ ಭರತ್ ಗೋಯಂಕಾರಿಂದ ಅದನ್ನು ಬರೆಯಿಸಿದರಂತೆ. ಅಲ್ಲಿ ತಂದೆ ಕೇಳಿದನು, ಮಗನು ಮಾಡಿದನು. ಇಲ್ಲಿ ಮಗಳು ಕೇಳುವವಳು, ತಂದೆಯು ಉತ್ತರ ಹೇಳಬೇಕಾದವರು.

ಈ ಯಂತ್ರದಲ್ಲಿ ಆಯವ್ಯಯದ ಅಂದಾಜನ್ನು ಬರೆಯುವ ಮುನ್ನ ಖಾತೆಗಳನ್ನು ಹೆಸರಿಸಬೇಕು. ಪ್ರತಿಯೊಂದು ಖಾತೆಯೂ ಯಾವ ಗುಂಪಿಗೆ ಸೇರಿದುದೆಂದು ಹೇಳಬೇಕು. ಹೇಳದಿದ್ದರೆ ಅದು ಮುಂದಕ್ಕೆ ಅಡಿಯಿಡದು. ಬಾಡಿಗೆ, ಗುಮಾಸ್ತರ ಸಂಬಳ, ಕಾನೂನಿನ ಗ್ರಂಥಗಳು, ಕಾಗದ, ದೀಪ ಇವೆಲ್ಲ ಸುಲಭವಾಗಿಯೇ ಸಾಗಿದುವು. ತಿಂಗಳಿಗೆ ೪೨,೦೦೦ ರೂಪಾಯಿಯಾಯಿತು. ಬ್ಯಾಂಕಿನಲ್ಲಿ ೩,೪೦,೦೦೦ ಇದ್ದಿತು. ವಕೀಲರ ಮುಖವು ಅರಳಿತು. ಮಗಳು ಅದರಲ್ಲಿ ಕೋರ್ಟಿನ ಶುಲ್ಕಕ್ಕೂ ನಕಲುಗಳಿಗೂ ಎಂದು ಕಕ್ಷಿಗಾರರು ಕೊಟ್ಟುದೆಷ್ಟೆಂದು ಕೇಳಿದಳು. ಕೆಂಪು ಪುಸ್ತಕದಲ್ಲಿ ಅದೆಲ್ಲವೂ ‘ಜಮಾ’ ಎಂಬ ಒಂದೇ ಸಾಲಿನಲ್ಲಿದ್ದಿತು. ಗುಮಾಸ್ತರು ಕಡತಗಳನ್ನು ಬಿಚ್ಚಿ, ಮಧ್ಯಾಹ್ನದವರೆಗೆ ಕೂಡಿಸಿ ೨,೧೦,೦೦೦ ಎಂದರು. ಆ ಮೊತ್ತವು ಆದಾಯದ ಗುಂಪಿಗೆ ಹೋಗದೆ ಋಣದ ಗುಂಪಿಗೆ ಹೋಯಿತು.

೧೯೬೧ರ ವಕೀಲರ ಅಧಿನಿಯಮದ ಮೇರೆಗೆ ಭಾರತೀಯ ವಕೀಲರ ಪರಿಷತ್ತು ಮಾಡಿದ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ: ಕಕ್ಷಿಗಾರನಿಂದ ಬಂದ ಹಣವು ಫೀಗೋ ಖರ್ಚಿಗೋ ಎಂಬುದನ್ನು ಲೆಕ್ಕದಲ್ಲಿ ಕಾಣಿಸಬೇಕು, ವ್ಯಾಜ್ಯವು ನಡೆಯುತ್ತಿರುವಾಗ ಆತನ ಲಿಖಿತ ಒಪ್ಪಿಗೆಯಿಲ್ಲದೆ ಖರ್ಚಿನ ಹಣವನ್ನು ಫೀಗೆ ತಿರುಗಿಸಕೂಡದು. ವಕೀಲರಿಗೆ ಈ ನಿಯಮವು ಕಂಠಪಾಠವಾಗಿದ್ದಿತು. “ಯಾರದೊಂದು ಪೈಸೆಯೂ ಮುಳುಗಿಲ್ಲ” ಎಂದರು. ಅದು ನಿಜ. ಶುಲ್ಕ ಕಟ್ಟುವ ದಿನ ಹಣವು ಎಂದೂ ತಪ್ಪಿದ್ದಿಲ್ಲ. ಮಗಳು ಎದುರಾಡಲಿಲ್ಲ; ಮನೆಗೆ ತಿಂಗಳಿಗೆಷ್ಟು ಹೋಗುವುದೆಂದು ಮಾತ್ರ ಕೇಳಿದಳು. ಅದು ಕಚೇರಿಯ ಲೆಕ್ಕವಲ್ಲವೆಂದು ಅವರು ತುಸು ಗಡುಸಾಗಿಯೇ ನುಡಿದರು. ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು, ೬೦,೦೦೦ ಎಂದರು.

ಇನ್ನುಳಿದವನು ಕಿರಿಯ ವಕೀಲ. ಎರಡು ವರ್ಷಗಳಿಂದ ಆತನಿಗೆ ದೊರೆಯುತ್ತಿದ್ದುದು ದೀಪಾವಳಿಯ ಲಕೋಟೆಯೊಂದೇ. ತಮ್ಮ ಗುರುಗಳು ತಮಗೆ ಅಷ್ಟನ್ನೂ ಕೊಟ್ಟಿರಲಿಲ್ಲವೆಂಬುದು ವಕೀಲರ ಸಮಾಧಾನ. (ಆ ಗುರುಗಳ ಗುರುಗಳೂ ಹಾಗೆಯೇ ಹೇಳಿರಬೇಕು.) ಕಿರಿಯರಿಗೆ ಪಟ್ಟಣಗಳಲ್ಲಿ ತಿಂಗಳಿಗೆ ೨೦,೦೦೦, ಗ್ರಾಮಾಂತರದಲ್ಲಿ ೧೫,೦೦೦ ರೂಪಾಯಿಯನ್ನಾದರೂ ಕೊಡಬೇಕೆಂದು ೨೦೨೪ರಲ್ಲಿ ಪರಿಷತ್ತು ಶಿಫಾರಸು ಮಾಡಿತು. ಅದು ಶಿಫಾರಸು, ಆಜ್ಞೆಯಲ್ಲ. ಮಗಳು ೨೦,೦೦೦ ಎಂದೇ ಬರೆದಳು.

ಏಪ್ರಿಲ್ ತಿಂಗಳಿಗೆ ಫೀ ೯೦,೦೦೦ ಬಂದೀತು. ಮೇ ತಿಂಗಳಲ್ಲಿ ಬಹುಭಾಗ ಕೋರ್ಟುಗಳಿಗೆ ಬೇಸಗೆಯ ರಜೆಯಾದುದರಿಂದ ಅಲ್ಲಿ ಸೊನ್ನೆ. ಜೂನಿಗೆ ೬೦,೦೦೦. ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ಬರೆದಿದ್ದರೆ ಈ ಸೊನ್ನೆಯು ಕಣ್ಣಿಗೆ ಬೀಳುತ್ತಿರಲಿಲ್ಲ; ಅದಕ್ಕಾಗಿಯೇ ಅವಳು ತಿಂಗಳಿಗೊಂದರಂತೆ ಬೇರೆ ಬೇರೆ ಅಂದಾಜನ್ನು ಮಾಡಿದ್ದಳು. ಸ್ವಂತದ ಹಣ ೧,೩೦,೦೦೦ವನ್ನು ಸೇರಿಸಿಕೊಂಡರೂ, ಮೂರು ತಿಂಗಳ ಕೊನೆಗೆ ೮೬,೦೦೦ ಕೊರತೆ ಬಿದ್ದಿತು. ಪ್ರತಿವರ್ಷವೂ ಬೇಸಗೆಯಲ್ಲಿ ಕೊರತೆಯನ್ನು ಯಾರ ಹಣವು ತುಂಬುತ್ತಿದ್ದಿತೆಂದು ಕೇಳುವ ಅಗತ್ಯ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಗುಮಾಸ್ತರು ಕಿಟಕಿಯ ಕಡೆಗೆ ನೋಡುತ್ತಿದ್ದರು.

ಕಿರಿಯನ ಸಾಲನ್ನು ಅಳಿಸಿದರೂ ೨೬,೦೦೦ ಉಳಿಯುವುದೆಂದು ವಕೀಲರು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದಂತಿತ್ತು. ಅಳಿಸೆಂದು ಅವರು ಹೇಳಲಿಲ್ಲ. ಮನೆಯ ಅರುವತ್ತನ್ನು ಮೂವತ್ತು ಮಾಡೆಂದರು. ಮಾಳಿಗೆಯ ದುರಸ್ತಿ ದಸರೆಯವರೆಗೆ ನಿಂತಿತು. ಈಗ ಜೂನಿನ ಕೊನೆಗೆ ೪,೦೦೦ ಉಳಿಯುವುದೆಂದು ಯಂತ್ರವು ತೋರಿಸಿತು. ಅವರು ಕನ್ನಡಕವನ್ನು ತೆಗೆದು, ಒರೆಸಿ, ಮತ್ತೊಮ್ಮೆ ಓದಿಸಿ ಕೇಳಿದರು.

ಮರುದಿನ ಗುಮಾಸ್ತರು ೨,೧೦,೦೦೦ದ ಚೆಕ್ಕನ್ನು ಹಿಡಿದು, ಕಕ್ಷಿಗಾರರ ಹಣಕ್ಕೆಂದೇ ಬೇರೊಂದು ಖಾತೆಯನ್ನು ತೆರೆಯಲು ಬ್ಯಾಂಕಿಗೆ ಹೊರಟರು. ರಶೀದಿಯನ್ನು ಕೆಂಪು ಪುಸ್ತಕದಲ್ಲಿಯೂ ಅಂಟಿಸಬೇಕೆಂದು ವಕೀಲರು ಮೆಟ್ಟಿಲವರೆಗೆ ಬಂದು ಹೇಳಿದರು.